ಮನೆಯಲ್ಲೇ ಗರಿಗರಿ ಪಾಪ್‌ಕಾರ್ನ್: ಕಾಳಿನ ತೇವದಿಂದ ಒಗ್ಗರಣೆಯ ಹದದವರೆಗೆ

ಪಾಪ್‌ಕಾರ್ನ್ ಮಾಡಲು ಬೇಕಾದ ಸಾಮಗ್ರಿ ಮೂರೇ: ಕಾಳು, ಎಣ್ಣೆ, ಉಪ್ಪು. ಆದರೂ ಅನೇಕ ಮನೆಗಳಲ್ಲಿ ಅದು ಪ್ರತಿಸಲವೂ ಒಂದೇ ರೀತಿ ಬರುವುದಿಲ್ಲ. ಒಮ್ಮೆ ಅರ್ಧದಷ್ಟು ಕಾಳು ಅರಳದೆ ತಳದಲ್ಲಿ ಉಳಿಯುತ್ತದೆ, ಇನ್ನೊಮ್ಮೆ ಎಲ್ಲವೂ ಅರಳಿದರೂ ಗರಿಗರಿಯಾಗದೆ ಹಲ್ಲಿಗೆ ಅಂಟುತ್ತದೆ, ಮತ್ತೊಮ್ಮೆ ಹಾಕಿದ ಮಸಾಲೆಯೆಲ್ಲ ಬೋಗುಣಿಯ ತಳ ಸೇರಿ ಮೇಲಿನದು ಸಪ್ಪೆಯಾಗುತ್ತದೆ. ಇವೆಲ್ಲಕ್ಕೂ ಕಾರಣ ಹುಡುಕುತ್ತ ಹೋದರೆ ಬಹುಪಾಲು ನೀರಿನ ಹತ್ತಿರವೇ ಬಂದು ನಿಲ್ಲುತ್ತೇವೆ. ಕಾಳಿನೊಳಗೆ ಇರಬೇಕಾದಷ್ಟು ನೀರು ಇಲ್ಲದಿದ್ದರೆ ಅದು ಅರಳುವುದಿಲ್ಲ. ಅರಳಿದ ಮೇಲೆ ಹೊರಗಿನಿಂದ ತುಸು ಪಸೆ ತಾಗಿದರೂ ಮೆತ್ತಗಾಗುತ್ತದೆ. ಕಾಳು ಕೊಳ್ಳುವುದು, ಡಬ್ಬಿಯಲ್ಲಿಡುವುದು, ಉರಿ ಹೊಂದಿಸುವುದು, ರುಚಿ ಸೇರಿಸುವುದು, ಎಲ್ಲವನ್ನೂ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಬೇಕು ಎಂಬುದು ಈ ಬರಹದ ಆಶಯ.

ಕಾಳಿನೊಳಗೆ ನಡೆಯುವುದೇನು

ಪಾಪ್‌ಕಾರ್ನ್ ಕಾಳು ಮೆಕ್ಕೆಜೋಳದ ಒಂದು ಪ್ರತ್ಯೇಕ ಬಗೆ. ಅದರ ಸಿಪ್ಪೆ ದಟ್ಟವಾಗಿ, ಬಿಗಿಯಾಗಿ ಇರುತ್ತದೆ. ಒಳಗೆ ತುಂಬಿರುವುದು ಹೆಚ್ಚಿನ ಮಟ್ಟಿಗೆ ಗಡುಸಾದ ಪಿಷ್ಟ. ಚೆನ್ನಾಗಿ ಅರಳುವ ಕಾಳಿನ ತೂಕದಲ್ಲಿ ಸುಮಾರು ಶೇ. 13ರಿಂದ 14ರಷ್ಟು ನೀರಿರುತ್ತದೆ. ಕಾಳು ಬಿಸಿಯಾದಂತೆ ಈ ನೀರು ಹಬೆಯಾಗಿ ಹೊರಬರಲು ಹವಣಿಸುತ್ತದೆ, ಆದರೆ ಸಿಪ್ಪೆ ಅದಕ್ಕೆ ದಾರಿ ಬಿಡುವುದಿಲ್ಲ. ಹೀಗೆ ಒಳಗೇ ಸಿಕ್ಕಿಕೊಂಡ ಹಬೆಯಿಂದ ಒತ್ತಡ ಏರುತ್ತ ಹೋಗುತ್ತದೆ, ಗಡುಸಾದ ಪಿಷ್ಟ ಬೆಂದು ಮೆದುವಾಗುತ್ತದೆ, ಕೊನೆಗೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಹೊರಗಿನ ಗಾಳಿಯ ಒತ್ತಡಕ್ಕಿಂತ ಒಂಬತ್ತು ಪಟ್ಟಿನಷ್ಟು ಒತ್ತಡವನ್ನು ತಾಳಲಾರದೆ ಸಿಪ್ಪೆ ಬಿರಿಯುತ್ತದೆ. ಆ ಕ್ಷಣದಲ್ಲಿ ಹಬೆ ಹೊರಕ್ಕೆ ನುಗ್ಗುವಾಗ ಮೆದುವಾದ ಪಿಷ್ಟವನ್ನೂ ಉಬ್ಬಿಸಿಕೊಂಡು ಹೋಗುತ್ತದೆ. ಉಬ್ಬಿದ ಪಿಷ್ಟ ಗಾಳಿಗೆ ತಣಿದು ಬಿಳಿಯ ನೊರೆಯಾಗಿ ಗಟ್ಟಿಯಾಗುತ್ತದೆ. ನಾವು ತಿನ್ನುವುದು ಆ ನೊರೆಯನ್ನು.

ಫ್ರಾನ್ಸಿನ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಡುಗೆಮನೆಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಓವನ್ನಿನ ಬಿಸಿಯನ್ನು ಹತ್ತು ಹತ್ತು ಡಿಗ್ರಿ ಏರಿಸುತ್ತ ನೋಡಿದಾಗ 170 ಡಿಗ್ರಿಯಲ್ಲಿ ಮೂರನೇ ಒಂದರಷ್ಟು ಕಾಳು ಮಾತ್ರ ಅರಳಿತ್ತು. 180ಕ್ಕೆ ಬಂದಾಗ ಬಹುತೇಕ ಎಲ್ಲವೂ ಅರಳಿದವು. ಹತ್ತು ಡಿಗ್ರಿಯ ಅಂತರ ಇಷ್ಟು ವ್ಯತ್ಯಾಸ ಮಾಡುತ್ತದೆ ಎಂದಮೇಲೆ, ಪಾತ್ರೆಯ ಎಲ್ಲ ಕಾಳುಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆ ಬಿಸಿಯನ್ನು ಮುಟ್ಟುವಂತೆ ನೋಡಿಕೊಳ್ಳುವುದೇ ಮಾಡುವವರ ಮುಖ್ಯ ಕೆಲಸ. ಚಟ್ ಎಂಬ ಸದ್ದು ಸಿಪ್ಪೆ ಒಡೆಯುವುದರಿಂದ ಬರುವುದಲ್ಲ, ಹಬೆ ಒಮ್ಮೆಲೇ ಬಿಡುಗಡೆಯಾಗುವುದರಿಂದ ಬರುತ್ತದೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು.

ಕಾಳನ್ನು ಆರಿಸುವುದು

ದಾವಣಗೆರೆ, ಹಾವೇರಿ, ಶಿವಮೊಗ್ಗ ಸೀಮೆಗಳಲ್ಲಿ ಮೆಕ್ಕೆಜೋಳದ ರಾಶಿಗಳನ್ನು ಕಂಡವರಿಗೆ, ಆ ಕಾಳನ್ನೇ ತಂದು ಹುರಿದರೆ ಪಾಪ್‌ಕಾರ್ನ್ ಆಗದೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಆಗುವುದಿಲ್ಲ. ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುವ ಆ ಗೋವಿನಜೋಳದ ಕಾಳು ದೊಡ್ಡದು. ಒಳಗೆ ಮೆದು ಪಿಷ್ಟ ಹೆಚ್ಚು, ಸಿಪ್ಪೆ ಅಷ್ಟು ಒತ್ತಡವನ್ನು ತಡೆಯುವಂಥದ್ದಲ್ಲ. ಹುರಿದರೆ ಅಲ್ಲಲ್ಲಿ ಬಿರಿಯಬಹುದು, ಹೂವಾಗಿ ಅರಳುವುದಿಲ್ಲ. ಸುಟ್ಟು ತಿನ್ನುವ ಎಳೆಯ ಸಿಹಿಜೋಳವೂ ಈ ಕೆಲಸಕ್ಕೆ ಬಾರದು. ಅಂಗಡಿಯಲ್ಲಿ ಪಾಪ್‌ಕಾರ್ನ್ ಕಾಳು ಎಂದೇ ಕೇಳಿ ತರಬೇಕು. ಅದು ಸಣ್ಣದಾಗಿ, ದುಂಡಗೆ, ಹೊಳಪಾಗಿ ಇರುತ್ತದೆ. ಹಳದಿ ಮತ್ತು ಬಿಳಿ ಎರಡೂ ಸಿಗುತ್ತವೆ. ಎಣ್ಣೆ, ಉಪ್ಪು, ಮಸಾಲೆಯನ್ನು ಮೊದಲೇ ಸೇರಿಸಿದ ಪೊಟ್ಟಣಗಳಿಗಿಂತ ಬಿಡಿ ಕಾಳನ್ನು ತರುವುದು ಮೇಲು, ಏಕೆಂದರೆ ಉಪ್ಪೆಷ್ಟು, ಎಣ್ಣೆ ಯಾವುದು ಎಂಬ ತೀರ್ಮಾನ ಆಗ ನಮ್ಮ ಕೈಯಲ್ಲೇ ಉಳಿಯುತ್ತದೆ.

ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಪ್ರತಿ ಕಾಳಿಗೂ ಒಂದು ಚೂಪು ತುದಿ ಇರುತ್ತದೆ. ಅದು ತೆನೆಯ ದಿಂಡಿಗೆ ಅಂಟಿಕೊಂಡಿದ್ದ ಜಾಗ. ಸಿಪ್ಪೆಯ ಮೇಲೆ ಕೂದಲೆಳೆಯಷ್ಟು ಬಿರುಕಿದ್ದರೂ, ತುದಿಯ ಹತ್ತಿರ ಚಕ್ಕೆ ಎದ್ದಿದ್ದರೂ ಹಬೆ ಆ ಸಂದಿನಿಂದಲೇ ಸೋರಿಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ, ಕಾಳು ಎಷ್ಟು ಕಾದರೂ ಕರಿದು ಕೂರುತ್ತದೆ. ಬಿರುಕು ಬಿಟ್ಟ ಕಾಳು, ಪುಡಿ, ಹೊಟ್ಟು ಹೆಚ್ಚಾಗಿ ಕಂಡರೆ ಆ ಸರಕನ್ನು ಕೊಳ್ಳದಿರುವುದೇ ಸರಿ.

ತಂದ ಕಾಳನ್ನು ಗಾಳಿಯಾಡದ ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಬಿಸಿಲು ಮತ್ತು ಒಲೆಯ ಝಳ ತಾಗದ ಕಡೆ ಇಡಬೇಕು. ಉಳಿದ ಬೇಳೆಕಾಳುಗಳನ್ನು ಬಿಸಿಲಿಗೆ ಹಾಕಿ ತೆಗೆದಿಡುವ ನಮ್ಮ ಒಳ್ಳೆಯ ಅಭ್ಯಾಸವನ್ನು ಇದಕ್ಕೆ ಅನ್ವಯಿಸಬಾರದು. ಬಿಸಿಲಿಗೆ ಹಾಕಿದರೆ ಅರಳಲು ಬೇಕಾದ ನೀರೇ ಹೋಗುತ್ತದೆ. ಫ್ರಿಜ್ಜಿನಲ್ಲಿಡುವುದರಿಂದಲೂ ಕಾಳು ಒಣಗುತ್ತದೆ.

ಒಣಗಿದ ಕಾಳಿಗೆ ಮರಳಿ ತೇವ ಕೊಡುವುದು

ಹಿಂದಿನ ತಿಂಗಳು ಚೆನ್ನಾಗಿ ಅರಳಿದ ಅದೇ ಡಬ್ಬಿಯ ಕಾಳು ಈಗ ಸಣ್ಣಗೆ ಅರಳುತ್ತಿದ್ದರೆ, ಅಥವಾ ಬಹಳಷ್ಟು ತಳದಲ್ಲೇ ಉಳಿಯುತ್ತಿದ್ದರೆ, ಅದನ್ನು ಎಸೆಯಬೇಕಾಗಿಲ್ಲ. ಸುಮಾರು ಮೂರು ಕಪ್ ಕಾಳನ್ನು ದೊಡ್ಡ ಗಾಜಿನ ಭರಣಿಗೆ ಹಾಕಿ, ಒಂದು ದೊಡ್ಡ ಚಮಚ ನೀರು ಸುರಿದು, ಮುಚ್ಚಳ ಬಿಗಿಮಾಡಿ ಚೆನ್ನಾಗಿ ಅಲುಗಿಸಬೇಕು. ಐದೈದು ನಿಮಿಷಕ್ಕೊಮ್ಮೆ ಅಲುಗಿಸುತ್ತಿದ್ದರೆ ನೀರು ಎಲ್ಲ ಕಾಳುಗಳಿಗೂ ಹರಡಿ ಸ್ವಲ್ಪ ಹೊತ್ತಿನಲ್ಲಿ ಇಂಗಿಹೋಗುತ್ತದೆ. ಆಮೇಲೆ ಭರಣಿಯನ್ನು ಎರಡು ಮೂರು ದಿನ ತಂಪಾದ ಕಡೆ ಮುಟ್ಟದೆ ಇಟ್ಟು, ಹತ್ತಿಪ್ಪತ್ತು ಕಾಳು ಹುರಿದು ಪರೀಕ್ಷಿಸಬೇಕು. ಇನ್ನೂ ಸರಿಯಾಗಿ ಅರಳದಿದ್ದರೆ ಒಂದು ಚಿಕ್ಕ ಚಮಚ ನೀರು ಸೇರಿಸಿ ಮತ್ತೆ ಅಷ್ಟೇ ದಿನ ಕಾಯಬೇಕು. ಅವಸರಪಟ್ಟು ಹೆಚ್ಚು ನೀರು ಹಾಕಿದರೆ ಕಾಳಿಗೆ ಬೂಸಲು ಹಿಡಿಯುತ್ತದೆ. ತೇವ ಮಿತಿಮೀರಿದ ಕಾಳು ಹುರಿದಾಗಲೂ ಪೂರ್ತಿ ಬಿಚ್ಚಿಕೊಳ್ಳದೆ ಗಟ್ಟಿ ಉಂಡೆಯಾಗಿ ಉಳಿಯುತ್ತದೆ.

ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯುವ ಮನೆಗಳಿಗೆ ಈ ವಿಚಾರ ಹೊಸದಲ್ಲ. ಅಲ್ಲಿ ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೇಲಿನ ಪಸೆ ಆರಿದ ಮೇಲೆಯೇ ಕಾದ ಬಾಣಲೆಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಬಟ್ಟೆಯ ಉಂಡೆಯಿಂದ ಬಿಡದೆ ಆಡಿಸುತ್ತ ಹುರಿಯುತ್ತಾರೆ. ಅಳ್ಳಿಗೆಂದೇ ಬೇರೆ ಜೋಳವನ್ನು ಎತ್ತಿಡುವ ರೂಢಿಯೂ ಇದೆ. ಒಳಗೆ ತೇವ, ಹೊರಗೆ ಒಣ, ಕಾಳಿಗೆ ತಕ್ಕ ಬಿಸಿ ಎಂಬ ಮೂರೂ ನಿಯಮಗಳು ಆ ಪದ್ಧತಿಯಲ್ಲಿ ಅಡಕವಾಗಿವೆ. ಮನೆಯಲ್ಲಿ ಅಳ್ಳು ಹುರಿದು ಕೈ ಪಳಗಿದ ಹಿರಿಯರಿದ್ದರೆ ಪಾಪ್‌ಕಾರ್ನ್ ಮಾಡುವಾಗಲೂ ಅವರನ್ನು ಹತ್ತಿರ ನಿಲ್ಲಿಸಿಕೊಳ್ಳುವುದು ಲೇಸು.

ಪಾತ್ರೆ ಮತ್ತು ಎಣ್ಣೆ

ತಳ ದಪ್ಪವಿರುವ, ನಾಲ್ಕರಿಂದ ಐದು ಲೀಟರ್ ಹಿಡಿಯುವ, ಮುಚ್ಚಳವಿರುವ ಪಾತ್ರೆ ಅರ್ಧ ಕಪ್ ಕಾಳಿಗೆ ಸಾಕು. ಇಲ್ಲಿ ಕಪ್ ಎಂದರೆ 240 ಮಿಲಿಲೀಟರಿನ ಅಳತೆಯ ಕಪ್ಪು, ದೊಡ್ಡ ಚಮಚ ಎಂದರೆ 15 ಮಿಲಿಲೀಟರ್, ಚಿಕ್ಕ ಚಮಚ ಎಂದರೆ 5 ಮಿಲಿಲೀಟರ್. ಅರ್ಧ ಕಪ್ ಕಾಳು ನೂರು ಗ್ರಾಮಿನ ಆಸುಪಾಸು ತೂಗುತ್ತದೆ, ಅರಳಿದಾಗ ಹನ್ನೆರಡು ಕಪ್ಪಿಗೂ ಮೀರಿ ಆಗುತ್ತದೆ. ನಾಲ್ವರು ಕೂತು ತಿನ್ನಲು ಅಷ್ಟು ಸಾಕು. ತೆಳು ತಳದ ಪಾತ್ರೆಯಲ್ಲಿ ಉರಿ ತಾಗಿದ ನಡುಭಾಗ ಸೀದು ಅಂಚಿನ ಕಾಳು ಹಾಗೇ ಉಳಿಯುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಬರಿದಾಗಿ ಹೆಚ್ಚು ಕಾಯಿಸುವುದು ಅದರ ಲೇಪನಕ್ಕೆ ಒಳ್ಳೆಯದಲ್ಲವಾದ್ದರಿಂದ ಈ ಕೆಲಸಕ್ಕೆ ಸ್ಟೀಲ್, ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪಾತ್ರೆಯೇ ಇರಲಿ.

ಎಣ್ಣೆಯ ವಿಷಯದಲ್ಲಿ ನೋಡಬೇಕಾದುದು 180 ಡಿಗ್ರಿಯ ಮೇಲೆ ಅದು ಹೊಗೆಯಾಡದೆ ನಿಲ್ಲುತ್ತದೆಯೇ ಎಂಬುದನ್ನು. ಸಂಸ್ಕರಿಸಿದ ಸೂರ್ಯಕಾಂತಿ ಎಣ್ಣೆ, ಶೇಂಗಾ ಎಣ್ಣೆ, ತುಪ್ಪ ಇವು ನಿಲ್ಲುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಹುರಿದ ಪಾಪ್‌ಕಾರ್ನ್‌ಗೆ ಬೇರೆಯೇ ಪರಿಮಳವಿದೆ. ಅಮೆರಿಕದ ಚಿತ್ರಮಂದಿರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದೂ ಅದೇ. ಕರಾವಳಿಯ ಮನೆಗಳಲ್ಲಿ ಸುಲಭವಾಗಿ ಸಿಗುವ ಗಾಣದ ಕೊಬ್ಬರಿ ಎಣ್ಣೆಯನ್ನು ಬಳಸುವಾಗ ಮಾತ್ರ ಉರಿಯನ್ನು ತುಸು ತಗ್ಗಿಸಿಕೊಳ್ಳಬೇಕು, ಏಕೆಂದರೆ ಅದು ಸಂಸ್ಕರಿಸಿದ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ. ಬೆಣ್ಣೆಯಲ್ಲಿ ಹುರಿಯುವುದು ಬೇಡ. ಅದರ ಹಾಲಿನಂಶ ಕಾಳು ಅರಳುವ ಮೊದಲೇ ಕಪ್ಪಾಗಿ ಕಹಿಯಾಗುತ್ತದೆ.

ಮಾಡುವ ಕ್ರಮ

ಹಂತ 1. ಅಗಲವಾದ, ಪೂರ್ತಿ ಒಣಗಿದ ಬೋಗುಣಿ ಅಥವಾ ಪರಾತವನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಉಪ್ಪು, ಮಸಾಲೆಗಳನ್ನೂ ಅಳೆದು ಸಿದ್ಧವಾಗಿಡಬೇಕು. ಅರಳಿದ ಮೇಲೆ ಡಬ್ಬಿ ಹುಡುಕುತ್ತ ನಿಂತರೆ ಬಿಸಿ ಆರಿ ಯಾವ ಪುಡಿಯೂ ಅಂಟುವುದಿಲ್ಲ.

ಹಂತ 2. ಪಾತ್ರೆಗೆ ಎರಡೂವರೆಯಿಂದ ಮೂರು ದೊಡ್ಡ ಚಮಚ ಎಣ್ಣೆ ಹಾಕಿ, ಮೂರು ಕಾಳನ್ನು ಮಾತ್ರ ಬಿಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಕಾಯಿಸಬೇಕು. ಈ ಮೂರು ಕಾಳೇ ಇಲ್ಲಿ ಥರ್ಮಾಮೀಟರ್. ಮೂರೂ ಅರಳಿದವೆಂದರೆ ಎಣ್ಣೆ ಬೇಕಾದ ಬಿಸಿಗೆ ಬಂದಿದೆ ಎಂದರ್ಥ. ಹಳದಿ ಬಣ್ಣ ಬೇಕೆನ್ನುವವರು ಈ ಹೊತ್ತಿನಲ್ಲಿ ಎಣ್ಣೆಗೆ ಕಾಲು ಚಿಕ್ಕ ಚಮಚ ಅರಿಸಿನ ಸೇರಿಸಬಹುದು.

ಹಂತ 3. ಉರಿ ಆರಿಸಿ, ಉಳಿದ ಅರ್ಧ ಕಪ್ ಕಾಳನ್ನು ಹಾಕಿ, ಎಲ್ಲಕ್ಕೂ ಎಣ್ಣೆ ಮೆತ್ತುವಂತೆ ಪಾತ್ರೆಯನ್ನು ಒಮ್ಮೆ ಆಡಿಸಿ, ಮುಚ್ಚಳ ಹಾಕಿ ಅರ್ಧ ನಿಮಿಷ ಸುಮ್ಮನೆ ಬಿಡಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಇದಕ್ಕಿಂತ ಮುಖ್ಯವಾದ ಅರ್ಧ ನಿಮಿಷ ಇನ್ನೊಂದಿಲ್ಲ. ತಣ್ಣಗಿದ್ದ ಕಾಳುಗಳೆಲ್ಲ ಈ ಅವಧಿಯಲ್ಲಿ ಒಟ್ಟಿಗೆ ಬಿಸಿಯೇರುತ್ತವೆ, ಹಾಗಾಗಿ ಮುಂದೆ ಹೆಚ್ಚುಕಡಿಮೆ ಒಟ್ಟಿಗೇ ಅರಳುತ್ತವೆ. ಮೊದಲೇ ಅರಳಿದವು ಸೀಯುತ್ತ ಉಳಿದವಕ್ಕೆ ಕಾಯುವ ಪ್ರಮೇಯ ಬರುವುದಿಲ್ಲ.

ಹಂತ 4. ಮತ್ತೆ ಮಧ್ಯಮ ಉರಿ ಹಚ್ಚಬೇಕು. ಒಂದು ನಿಮಿಷದೊಳಗೆ ಚಟಪಟ ಶುರುವಾಗುತ್ತದೆ. ಆಗ ಮುಚ್ಚಳವನ್ನು ಒಂದು ಕಡೆ ಕೂದಲೆಳೆಯಷ್ಟು ಸರಿಸಿ, ಹಬೆ ಹೊರಹೋಗಲು ದಾರಿ ಮಾಡಬೇಕು. ತೆರೆದ ಬದಿ ಮುಖದ ಕಡೆಗಿರಬಾರದು. ಪ್ರತಿ ಕಾಳೂ ಬಿರಿಯುವಾಗ ತನ್ನೊಳಗಿನ ನೀರನ್ನು ಹಬೆಯಾಗಿ ಬಿಡುತ್ತದೆಯಷ್ಟೆ. ಮುಚ್ಚಳ ಬಿಗಿಯಾಗಿದ್ದರೆ ಆ ಹಬೆಯೆಲ್ಲ ಅರಳಿದ ಹೂಗಳಿಗೇ ಹಿಡಿದುಕೊಂಡು ಅವು ಜಿಗುಟಾಗುತ್ತವೆ. ಗ್ಯಾಸ್ ಒಲೆಯಾದರೆ ಪಾತ್ರೆಯ ಹಿಡಿಯನ್ನು ಬಟ್ಟೆಯಿಂದ ಹಿಡಿದು ಆಗಾಗ ಅಲುಗಿಸುತ್ತಿರಬೇಕು. ಇಂಡಕ್ಷನ್ ಒಲೆಯಾದರೆ ಪಾತ್ರೆಯನ್ನು ಎತ್ತದೆ ಅಲ್ಲೇ ಹಿಂದೆ ಮುಂದೆ ಜರುಗಿಸಬೇಕು, ಎತ್ತಿದರೆ ಒಲೆ ತಾನಾಗಿ ನಿಂತುಹೋಗುತ್ತದೆ.

ಹಂತ 5. ಸದ್ದು ಇಳಿಯುತ್ತ ಬಂದು, ಒಂದು ಚಟ್‌ಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ಸೆಕೆಂಡು ಬಿಡುವು ಬಂದ ಕೂಡಲೇ ಉರಿ ಆರಿಸಿ, ತಡಮಾಡದೆ ಬೋಗುಣಿಗೆ ಸುರಿಯಬೇಕು. ಕೊನೆಯ ಹತ್ತು ಕಾಳಿನ ಆಸೆಗೆ ಕಾದರೆ ಇಡೀ ಪಾತ್ರೆಗೆ ಸೀದ ವಾಸನೆ ಹತ್ತುತ್ತದೆ, ಆ ವಾಸನೆಯನ್ನು ಯಾವ ಮಸಾಲೆಯೂ ಮುಚ್ಚಲಾರದು.

ಉರಿಯ ಬಗ್ಗೆ ಒಂದು ಮಾತು ಸೇರಿಸಬೇಕು. ತೀರ ಸಣ್ಣ ಉರಿಯಲ್ಲಿ ಕಾಳಿನ ನೀರು ತುದಿಯ ಮೂಲಕ ನಿಧಾನವಾಗಿ ಸೋರಿಹೋಗಿ ಒತ್ತಡವೇ ಕಟ್ಟುವುದಿಲ್ಲ. ಅತಿ ಜೋರು ಉರಿಯಲ್ಲಿ ಒಳಗಿನ ಪಿಷ್ಟ ಬೇಯುವ ಮೊದಲೇ ಸಿಪ್ಪೆ ಒಡೆದು, ನಡುವೆ ಗಟ್ಟಿ ಬೀಜ ಉಳಿದ ಅರೆಬರೆ ಹೂ ಬರುತ್ತದೆ. ತಳದಲ್ಲಿ ಉಳಿದ ಕಾಳನ್ನು ನೋಡಿದರೆ ತಪ್ಪು ಯಾವುದೆಂದು ಗೊತ್ತಾಗುತ್ತದೆ: ಬಣ್ಣ ಬದಲಾಗಿ ಹಾಗೇ ಉಳಿದಿದ್ದರೆ ಕಾಳು ಒಣಗಿರಬೇಕು ಅಥವಾ ಉರಿ ಸಾಲದೆ ಹೋಗಿರಬೇಕು, ಬಾಯಿ ಮಾತ್ರ ತೆರೆದು ನಿಂತಿದ್ದರೆ ಉರಿ ಹೆಚ್ಚಾಗಿದೆ.

ಕುಕ್ಕರ್ ಮತ್ತು ಮೈಕ್ರೋವೇವ್

ನಮ್ಮಲ್ಲಿ ಬಹಳ ಮಂದಿ ಪಾಪ್‌ಕಾರ್ನ್ ಮಾಡುವುದು ಪ್ರೆಷರ್ ಕುಕ್ಕರಿನಲ್ಲಿ. ದಪ್ಪ ತಳದ ಕಾರಣ ಅದು ಒಳ್ಳೆಯ ಪಾತ್ರೆಯೇ, ಆದರೆ ಇಲ್ಲಿ ಬೇಕಾದ ಒತ್ತಡ ಕಾಳಿನೊಳಗಿನದೇ ಹೊರತು ಕುಕ್ಕರಿನದಲ್ಲ. ಆದ್ದರಿಂದ ವಿಸಲ್ ಮತ್ತು ಗ್ಯಾಸ್ಕೆಟ್ ಎರಡನ್ನೂ ತೆಗೆದು, ಮುಚ್ಚಳವನ್ನು ತಿರುಗಿಸಿ ಲಾಕ್ ಮಾಡದೆ ಮೇಲೆ ಸುಮ್ಮನೆ ಇಡಬೇಕು. ಅದಕ್ಕಿಂತಲೂ ಕುಕ್ಕರಿನ ಮೇಲೆ ಹೊಂದುವ ಬೇರೆ ತಟ್ಟೆ ಮುಚ್ಚುವುದು ಒಳ್ಳೆಯದು. ಮುಚ್ಚಳ ಬಿಗಿಮಾಡಿದ ಕುಕ್ಕರಿನಲ್ಲಿ ಅರಳಿದ ಹೂಗಳು ಹಬೆ ಹೋಗುವ ರಂಧ್ರಕ್ಕೆ ಸಿಕ್ಕಿ ಅಪಾಯವಾಗಬಹುದು.

ಮೈಕ್ರೋವೇವಿನಲ್ಲಿ ಮಾಡಲು ದೊಡ್ಡ ಗಾಜಿನ ಬೋಗುಣಿಗೆ ಮೂರು ದೊಡ್ಡ ಚಮಚ ಕಾಳು, ಅರ್ಧ ಚಿಕ್ಕ ಚಮಚ ಎಣ್ಣೆ ಹಾಕಿ, ಮೈಕ್ರೋವೇವಿಗೆ ಒಗ್ಗುವ ಪಿಂಗಾಣಿ ತಟ್ಟೆಯೊಂದನ್ನು ಮುಚ್ಚಿ, ಪೂರ್ಣ ಶಕ್ತಿಯಲ್ಲಿ ಇಟ್ಟು, ಸದ್ದಿನ ನಡುವೆ ಎರಡು ಸೆಕೆಂಡಿನ ಬಿಡುವು ಬಂದೊಡನೆ ನಿಲ್ಲಿಸಬೇಕು. ಇದಕ್ಕೆ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ನಿಮಿಷ ಹಿಡಿಯುತ್ತದೆ. ತಟ್ಟೆಯೂ ಬೋಗುಣಿಯೂ ಕೈ ಸುಡುವಷ್ಟು ಕಾದಿರುತ್ತವೆ.

ಉಪ್ಪು

ಪಾಪ್‌ಕಾರ್ನಿನ ಮೇಲ್ಮೈ ಒಣಗಿರುವುದರಿಂದ ಹರಳುಪ್ಪು ಮಾತ್ರವಲ್ಲ, ಸಾಮಾನ್ಯ ಪುಡಿ ಉಪ್ಪೂ ಅದರ ಮೇಲೆ ನಿಲ್ಲದೆ ಜಾರುತ್ತದೆ. ಮಿಕ್ಸಿಯ ಚಿಕ್ಕ ಜಾರಿನಲ್ಲಿ ಉಪ್ಪನ್ನು ಹಿಟ್ಟಿನಷ್ಟು ನುಣ್ಣಗೆ ಮಾಡಿಕೊಂಡರೆ ಅರ್ಧದಷ್ಟು ಉಪ್ಪಿನಲ್ಲೇ ಎರಡರಷ್ಟು ರುಚಿ ಬರುತ್ತದೆ. ಅರ್ಧ ಕಪ್ ಕಾಳಿಗೆ ಇಂಥ ಉಪ್ಪು ಅರ್ಧ ಚಿಕ್ಕ ಚಮಚ ಸಾಕು. ಇದೇ ಮಾತು ಎಲ್ಲ ಮಸಾಲೆಗಳಿಗೂ ಸಲ್ಲುತ್ತದೆ: ನುಣ್ಣಗಿರಬೇಕು, ಒಣಗಿರಬೇಕು, ಹೂ ಬಿಸಿಯಿರುವಾಗಲೇ ಬೀಳಬೇಕು.

ರುಚಿ ಸೇರಿಸುವುದು

ಪುಡಿಯನ್ನು ಹಿಡಿದಿಡಲು ತುಸು ಜಿಡ್ಡು ಬೇಕು, ಆ ಜಿಡ್ಡಿನಲ್ಲಿ ನೀರಿರಬಾರದು. ಅಂಗಡಿಯ ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿರುತ್ತದೆ, ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಇನ್ನೂ ಹೆಚ್ಚಿರಬಹುದು; ಕರಗಿಸಿ ಸುರಿದರೆ ಬಿದ್ದ ಕಡೆಯೆಲ್ಲ ಹೂಗಳು ಕುಗ್ಗುತ್ತವೆ. ಬೆಣ್ಣೆ ಕಾಯಿಸಿ ನೀರನ್ನೆಲ್ಲ ಹೋಗಿಸಿ ಮಾಡಿದ ತುಪ್ಪ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹೀಗಾಗಿ ಪಾಪ್‌ಕಾರ್ನ್‌ಗೆ ಬೆಣ್ಣೆಗಿಂತ ತುಪ್ಪ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಪೊಟ್ಟಣಗಳಲ್ಲಿ ಬರುವ ಕೃತಕ ಬೆಣ್ಣೆಯ ಪರಿಮಳದ ಹಿಂದೆ ಹೋಗುವ ಅಗತ್ಯವೂ ಇಲ್ಲ. ಆ ಪರಿಮಳಕ್ಕಾಗಿ ಬಳಸುತ್ತಿದ್ದ ಡಯಾಸಿಟೈಲ್ ಎಂಬ ವಸ್ತುವಿನ ಆವಿಯನ್ನು ದಿನವೂ ಉಸಿರಾಡಿದ ಅಮೆರಿಕದ ಮಿಸ್ಸೌರಿಯ ಕಾರ್ಖಾನೆ ಕೆಲಸಗಾರರಲ್ಲಿ 2000ದ ಹೊತ್ತಿಗೆ ಗಂಭೀರ ಶ್ವಾಸಕೋಶದ ಕಾಯಿಲೆ ಕಂಡುಬಂದಿತ್ತು.

ತುಪ್ಪ ಮತ್ತು ಕಾಳುಮೆಣಸು. ಎರಡು ದೊಡ್ಡ ಚಮಚ ತುಪ್ಪವನ್ನು ಬಿಸಿಮಾಡಿ, ಒಂದು ಚಿಟಿಕೆ ಇಂಗು ಹಾಕಿ, ಉರಿ ಆರಿಸಿದ ಮೇಲೆ ಮುಕ್ಕಾಲು ಚಿಕ್ಕ ಚಮಚ ಆಗತಾನೇ ಕುಟ್ಟಿದ ಕಾಳುಮೆಣಸಿನ ಪುಡಿ ಬೆರೆಸಬೇಕು. ಬೋಗುಣಿಯ ಅಂಚಿನಿಂದ ಸುತ್ತಲೂ ಹನಿಹನಿಯಾಗಿ ಬಿಟ್ಟು, ಎರಡು ಕೈಗಳಿಂದ ತಳದ್ದು ಮೇಲೆ ಬರುವಂತೆ ಹಗುರಾಗಿ ಮಗುಚಿ, ಕೊನೆಗೆ ಉಪ್ಪು ಉದುರಿಸಬೇಕು. ಮೊದಲ ಸಲ ಮಾಡುವವರಿಗೆ ಇದನ್ನೇ ಹೇಳುತ್ತೇನೆ. ಕಾಳಿನ ಸ್ವಂತ ರುಚಿ ಇದರಲ್ಲಿ ಉಳಿಯುತ್ತದೆ.

ಒಗ್ಗರಣೆ ಪಾಪ್‌ಕಾರ್ನ್. ದಾವಣಗೆರೆಯ ಒಗ್ಗರಣೆ ಮಂಡಕ್ಕಿಯ ರುಚಿ ಬಲ್ಲವರಿಗೆ ಇದು ಇಷ್ಟವಾಗುತ್ತದೆ, ಆದರೆ ಮಾಡುವ ಕ್ರಮ ಬೇರೆ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಹಾಕುತ್ತೇವೆ, ಈರುಳ್ಳಿ ಟೊಮೆಟೊಗಳ ರಸವೂ ಅದಕ್ಕೆ ಸೇರುತ್ತದೆ. ಪಾಪ್‌ಕಾರ್ನ್ ಅದಾವುದನ್ನೂ ತಾಳುವುದಿಲ್ಲ. ಮೊದಲು ಹದಿನೈದು ಇಪ್ಪತ್ತು ಕರಿಬೇವಿನ ಎಲೆಗಳನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಹರಡಿ ಪೂರ್ತಿ ಆರಿಸಬೇಕು. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಎರಡು ದೊಡ್ಡ ಚಮಚ ಶೇಂಗಾವನ್ನು ಹೊಂಬಣ್ಣ ಬರುವವರೆಗೆ ಹುರಿದು, ಅರ್ಧ ಚಿಕ್ಕ ಚಮಚ ಸಾಸಿವೆ ಸಿಡಿಸಿ, ಮುರಿದ ಎರಡು ಬ್ಯಾಡಗಿ ಮೆಣಸಿನಕಾಯಿ ಮತ್ತು ಕರಿಬೇವು ಹಾಕಬೇಕು. ಕರಿಬೇವು ಬಿದ್ದೊಡನೆ ಎಣ್ಣೆ ಭರ್ರನೆ ನೊರೆಯುತ್ತದೆ, ಎಲೆಯ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆಗಳು ಒಂದೊಂದಾಗಿ ನಿಂತು, ಎಲೆ ದಟ್ಟ ಹಸಿರಿಗೆ ತಿರುಗಿ, ಸೌಟಿನಿಂದ ತಾಗಿಸಿದರೆ ಕಾಗದದ ಹಾಗೆ ಸದ್ದು ಮಾಡಿದಾಗ ಅದರೊಳಗಿನ ನೀರೆಲ್ಲ ಹೋಗಿದೆ ಎಂದು ತಿಳಿಯಬೇಕು. ಅದಕ್ಕೂ ಮೊದಲು ಇಳಿಸಿದರೆ ಎಲೆಯ ಪಸೆಯೇ ಹತ್ತು ನಿಮಿಷದಲ್ಲಿ ಸುತ್ತಲಿನ ಹೂಗಳನ್ನು ಮೆತ್ತಗಾಗಿಸುತ್ತದೆ. ಉರಿ ಆರಿಸಿ, ಇಂಗು, ಕಾಲು ಚಿಕ್ಕ ಚಮಚ ಅರಿಸಿನ, ಉಪ್ಪು ಸೇರಿಸಿ, ಬಿಸಿ ಪಾಪ್‌ಕಾರ್ನಿನ ಮೇಲೆ ಸುರಿದು ಮಗುಚಿ, ಕೊನೆಯಲ್ಲಿ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ ಉದುರಿಸಬೇಕು. ಈ ಪುಡಿ ಹೆಚ್ಚಾದ ಎಣ್ಣೆಯನ್ನೂ ಹೀರಿಕೊಂಡು ಕೈಗೆ ಜಿಡ್ಡು ಹತ್ತದಂತೆ ಮಾಡುತ್ತದೆ.

ಚಟ್ನಿಪುಡಿಗಳು. ಮನೆಯಲ್ಲಿ ಗುರೆಳ್ಳು ಪುಡಿ, ಅಗಸಿ ಪುಡಿ, ಕರಿಬೇವಿನ ಪುಡಿ ಯಾವುದಿದ್ದರೂ ನೇರವಾಗಿ ಬಳಸಬಹುದು. ಹಿಟ್ಟಿನ ಜರಡಿಯಲ್ಲಿ ಒಮ್ಮೆ ಜಾಲಿಸಿ, ಕೆಳಗೆ ಬಿದ್ದ ನುಣ್ಣನೆಯ ಭಾಗವನ್ನು ಮಾತ್ರ ತೆಗೆದುಕೊಳ್ಳಬೇಕು. ಅರ್ಧ ಕಪ್ ಕಾಳಿಗೆ ಒಂದೂವರೆ ದೊಡ್ಡ ಚಮಚ ಪುಡಿ, ಒಂದೂವರೆ ದೊಡ್ಡ ಚಮಚ ಬಿಸಿ ಎಣ್ಣೆ ಅಥವಾ ತುಪ್ಪ ಸರಿಹೋಗುತ್ತದೆ. ಶೇಂಗಾ ಚಟ್ನಿಪುಡಿ ತಾನೇ ಎಣ್ಣೆ ಬಿಡುವುದರಿಂದ ಮುದ್ದೆಗಟ್ಟುತ್ತದೆ. ಅದಕ್ಕೆ ಅಷ್ಟೇ ಪ್ರಮಾಣದ ಹುರಿಗಡಲೆ ಸೇರಿಸಿ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿಕೊಂಡರೆ ಉದುರುದುರಾಗುತ್ತದೆ. ಖಾರಕ್ಕಿಂತ ಬಣ್ಣ ಬೇಕೆನ್ನುವವರಿಗೆ ಬ್ಯಾಡಗಿ ಮೆಣಸಿನ ಪುಡಿಯಷ್ಟು ಹೊಂದುವುದು ಬೇರೊಂದಿಲ್ಲ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಆ ಮೆಣಸಿನಕಾಯಿ ಗಾಢ ಕೆಂಪು ಕೊಡುತ್ತದೆ, ನಾಲಿಗೆ ಸುಡುವುದಿಲ್ಲ. ಅದನ್ನು ಬಿಸಿ ಎಣ್ಣೆಗೆ ಉರಿ ಆರಿಸಿದ ಮೇಲಷ್ಟೇ ಹಾಕಬೇಕು, ಇಲ್ಲವಾದರೆ ಕೆಂಪು ಕಂದಾಗುತ್ತದೆ.

ಹುಳಿ ಬೇಕೆನಿಸಿದರೆ ನಿಂಬೆರಸ ಹಿಂಡುವುದು ಖಂಡಿತ ಬೇಡ. ಆಮ್‌ಚೂರ್ ಪುಡಿ, ಒಂದು ಚಿಟಿಕೆ ನಿಂಬೆ ಉಪ್ಪು ಅಥವಾ ಕಪ್ಪು ಉಪ್ಪು ಬೆರೆಸಿದ ಚಾಟ್ ಮಸಾಲೆ ಅದೇ ಹುಳಿಯನ್ನು ನೀರಿಲ್ಲದೆ ಕೊಡುತ್ತವೆ. ಹಸಿ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ತುರಿದ ಹಸಿ ಕಾಯಿ ಇವನ್ನೂ ಇದೇ ಕಾರಣಕ್ಕೆ ದೂರವಿಡಬೇಕು, ಒಣಕೊಬ್ಬರಿ ಸಲ್ಲುತ್ತದೆ.

ಬೆಲ್ಲದ ಪಾಪ್‌ಕಾರ್ನ್

2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ, ಉಪ್ಪು ಮಸಾಲೆ ಹಾಕಿದ ಬಿಡಿ ಪಾಪ್‌ಕಾರ್ನ್‌ಗೆ ಶೇ. 5, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ ಶೇ. 12, ಕ್ಯಾರಮೆಲ್ ಪಾಪ್‌ಕಾರ್ನ್‌ಗೆ ಶೇ. 18 ತೆರಿಗೆ ಎಂದು ವಿವರಿಸಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಸಕ್ಕರೆ ಸೇರಿದರೆ ಅದು ಮಿಠಾಯಿಯ ಸಾಲಿಗೆ ಹೋಗುತ್ತದೆ ಎಂಬುದು ಮಂಡಳಿ ಕೊಟ್ಟ ಕಾರಣ. ತೆರಿಗೆಯ ಮಾತು ಹೇಗಾದರೂ ಇರಲಿ, ಒಲೆಯ ಮುಂದೆ ನಿಂತವರಿಗೂ ಇದು ಬೇರೆಯೇ ಕೆಲಸ: ಇಲ್ಲಿ ಕಾಳಿಗಿಂತ ಪಾಕ ಮುಖ್ಯ.

ಕಾಲು ಕಪ್ಪಿಗಿಂತ ತುಸು ಹೆಚ್ಚು ಕಾಳಿನಿಂದ ಎಂಟು ಕಪ್ ಪಾಪ್‌ಕಾರ್ನ್ ಮಾಡಿ, ಅರಳದ ಕಾಳುಗಳನ್ನು ಒಂದೂ ಬಿಡದಂತೆ ಆರಿಸಿ ತೆಗೆದು, ತುಪ್ಪ ಸವರಿದ ದೊಡ್ಡ ಪರಾತದಲ್ಲಿ ಇಡಬೇಕು. ಪಾಕದೊಳಗೆ ಸೇರಿಕೊಂಡ ಗಟ್ಟಿ ಕಾಳು ಹಲ್ಲು ಮುರಿಯಬಲ್ಲದು. ಒಂದು ಕಪ್ ಕುಟ್ಟಿದ ಬೆಲ್ಲಕ್ಕೆ ಎರಡು ದೊಡ್ಡ ಚಮಚ ನೀರು ಹಾಕಿ ಕರಗಿಸಿ, ಕಸ ಕಡ್ಡಿ ಇದ್ದರೆ ಸೋಸಿ, ದಪ್ಪ ತಳದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ತುಪ್ಪದೊಂದಿಗೆ ಮಧ್ಯಮ ಉರಿಯಲ್ಲಿ ಕುದಿಸಬೇಕು. ಚಿಕ್ಕಿ ಬೆಲ್ಲ ಎಂದು ಕೇಳಿ ತಂದರೆ ಪಾಕ ಸುಲಭವಾಗಿ ಗಟ್ಟಿಯಾಗುತ್ತದೆ; ಹಳತಾಗಿ ಮೆತ್ತಗಾದ, ಉಪ್ಪುಪ್ಪಾದ ಬೆಲ್ಲದಲ್ಲಿ ಎಷ್ಟು ಕುದಿಸಿದರೂ ಅಂಟು ಹೋಗುವುದಿಲ್ಲ.

ಪಾಕದ ಹದವನ್ನು ತಣ್ಣೀರಿನ ಬಟ್ಟಲಿನಲ್ಲಿ ನೋಡಬೇಕು. ಒಂದು ತೊಟ್ಟು ಬಿಟ್ಟಾಗ ಅದು ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕರೆ ಅದು ತಂಬಿಟ್ಟಿಗೆ ಸರಿ, ಇದಕ್ಕೆ ಸಾಲದು. ಇನ್ನೊಂದೆರಡು ನಿಮಿಷ ಕುದಿಸಿ ಮತ್ತೆ ಬಿಟ್ಟಾಗ, ತೊಟ್ಟು ನೀರಿನಲ್ಲೇ ಗಟ್ಟಿಯಾಗಿ, ಎತ್ತಿ ಮುರಿದರೆ ಬಾಗದೆ ಟಕ್ಕನೆ ತುಂಡಾಗಿ, ತಟ್ಟೆಯ ಮೇಲೆ ಹಾಕಿದರೆ ಟಣ್ ಎನ್ನಬೇಕು. ಥರ್ಮಾಮೀಟರ್ ಇರುವವರಿಗೆ ಅದು ಸುಮಾರು 146ರಿಂದ 150 ಡಿಗ್ರಿ. ಇಲ್ಲಿಂದ ಮುಂದೆ ಅರ್ಧ ನಿಮಿಷ ತಡವಾದರೂ ಬೆಲ್ಲ ಕಹಿಯಾಗುತ್ತದೆ, ಹಾಗಾಗಿ ಕೊನೆಯ ಹಂತದಲ್ಲಿ ಉರಿ ಸಣ್ಣದಾಗಿರಲಿ. ಉರಿ ಆರಿಸಿದೊಡನೆ ಒಂದು ಚಿಟಿಕೆ ಉಪ್ಪು, ಕಾಲು ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ ಕಲಕಬೇಕು. ಪಾಕ ನೊರೆಯಾಗಿ ಉಬ್ಬಿ ಬಣ್ಣ ತಿಳಿಯಾಗುತ್ತದೆ. ಈ ಸಣ್ಣ ಗುಳ್ಳೆಗಳಿಂದಲೇ ಆರಿದ ಪಾಕ ಹಲ್ಲಿಗೆ ಕಲ್ಲಾಗದೆ ಹಗುರವಾಗಿ ಮುರಿಯುತ್ತದೆ. ಏಲಕ್ಕಿ ಅಥವಾ ಒಣಶುಂಠಿ ಪುಡಿಯನ್ನೂ ಆಗಲೇ ಸೇರಿಸಿ, ಪಾಪ್‌ಕಾರ್ನಿನ ಮೇಲೆ ಸುರಿದು, ತುಪ್ಪ ಸವರಿದ ಎರಡು ಸೌಟುಗಳಿಂದ ಬೇಗ ಬೇಗ ಮಗುಚಬೇಕು. ಪಾಕ ಕುದಿಯುವ ನೀರಿಗಿಂತ ಬಹಳ ಬಿಸಿಯಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳನ್ನು ಈ ಹೊತ್ತಿನಲ್ಲಿ ಅಡುಗೆಮನೆಯಿಂದ ಹೊರಗೆ ಕಳಿಸಬೇಕು, ಕೈಯಿಂದ ಬೇರ್ಪಡಿಸುವ ಕೆಲಸ ಆರಿದ ಮೇಲೆಯೇ.

ತಿನ್ನುವುದು, ಎತ್ತಿಡುವುದು

ಎಣ್ಣೆಯಿಲ್ಲದೆ ಅರಳಿಸಿದ ಪಾಪ್‌ಕಾರ್ನ್ ಒಂದು ಕಪ್ ಎಂದರೆ ಎಂಟು ಗ್ರಾಂ, ಅದರಲ್ಲಿರುವುದು ಸುಮಾರು 31 ಕ್ಯಾಲೊರಿ. ಸಿಪ್ಪೆ ಸಮೇತ ಇಡೀ ಕಾಳನ್ನೇ ತಿನ್ನುವುದರಿಂದ ನಾರಿನಂಶವೂ ಚೆನ್ನಾಗಿ ಸಿಗುತ್ತದೆ. ತುಪ್ಪ, ಎಣ್ಣೆ, ಬೆಲ್ಲ ಸೇರಿದಂತೆ ಲೆಕ್ಕ ಏರುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಯಾವ ಬಗೆಯ ಪಾಪ್‌ಕಾರ್ನನ್ನೂ ಕೊಡಬಾರದು. ಹಗುರವಾದ ಹೂವೂ ಗಟ್ಟಿ ಕಾಳೂ ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ದೊಡ್ಡ ಮಕ್ಕಳಿಗೂ ಕೂರಿಸಿಯೇ ಕೊಡಬೇಕು, ಓಡಾಡುತ್ತ ತಿನ್ನಲು ಬಿಡಬಾರದು.

ಉಪ್ಪು ಖಾರದ ಪಾಪ್‌ಕಾರ್ನ್ ಮಾಡಿದ ದಿನವೇ ತಿಂದು ಮುಗಿಸುವುದು ಉತ್ತಮ. ಉಳಿದರೆ, ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿಳಿಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡುಗಳಲ್ಲಿ, ಬೋಗುಣಿಯಲ್ಲಿ ತೆರೆದಿಟ್ಟ ಪಾಪ್‌ಕಾರ್ನ್ ಅರ್ಧ ಗಂಟೆಯಲ್ಲೇ ಗಾಳಿಯ ತೇವ ಹೀರಿ ಮೆತ್ತಗಾಗಬಹುದು. ಹಾಗೆ ಮೆತ್ತಗಾದದ್ದನ್ನು ಅಗಲವಾದ ಬಾಣಲೆಯಲ್ಲಿ ಹರಡಿ, ಅತಿ ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ ನಾಲ್ಕೈದು ನಿಮಿಷ ಕೈಯಾಡಿಸಿದರೆ, ಇಲ್ಲವೇ 120 ಡಿಗ್ರಿಯ ಓವನ್ನಿನಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತದೆ. ಬೆಲ್ಲದ್ದನ್ನು ಮಾತ್ರ ಹೀಗೆ ಬಾಣಲೆಯಲ್ಲಿ ಬಿಸಿಮಾಡಬಾರದು, ಪಾಕ ಕರಗಿ ತಳ ಹಿಡಿಯುತ್ತದೆ; ಅದನ್ನು ಮಾಡಿದ ದಿನವೇ ಸಣ್ಣ ಸಣ್ಣ ಡಬ್ಬಿಗಳಿಗೆ ತುಂಬಿ, ಒಂದನ್ನು ತೆರೆದರೆ ಅದನ್ನು ಮುಗಿಸಿಯೇ ಇನ್ನೊಂದನ್ನು ತೆರೆಯುವುದು ಒಳ್ಳೆಯದು.